ಸೀರಿಯಂ ಬೆರೆಸಿದರೆ ಉಕ್ಕಿನ ಸೆಗ್ರಿಗೇಷನ್ ಹೋಗುವುದೇ?

ಪ್ರಶ್ನೆ: ಕರಗಿದ ಉಕ್ಕಿಗೆ ಸೀರಿಯಂ, ಲ್ಯಾಂಥನಂನಂತಹ ವಿರಳ ಭೂ ಲೋಹಗಳನ್ನು ತುಸು ಬೆರೆಸಿದರೆ, ಅದು ಗಟ್ಟಿಯಾಗುವಾಗ ಇಂಗಾಲ, ಗಂಧಕ ಮುಂತಾದವು ಅಲ್ಲಲ್ಲಿ ಗುಂಪುಗೂಡುವ ಸೆಗ್ರಿಗೇಷನ್ ದೋಷ ಇಲ್ಲವಾಗುತ್ತದೆ ಎಂದು ಓದಿದ್ದೇನೆ. ಇದು ನಿಜವೇ?

ಉತ್ತರ: ಪೂರ್ತಿ ಇಲ್ಲವಾಗುವುದಿಲ್ಲ. ಕಡಿಮೆಯಾಗಬಹುದು, ಅದೂ ಉಕ್ಕಿನಲ್ಲಿ ಆಮ್ಲಜನಕ ಮೊದಲೇ ತೀರ ಕಡಿಮೆಯಿದ್ದರೆ.

ಇಂಗಾಲ, ಗಂಧಕ, ರಂಜಕಗಳು ದ್ರವ ಕಬ್ಬಿಣದಲ್ಲಿ ಕರಗುವಷ್ಟು ಘನ ಕಬ್ಬಿಣದಲ್ಲಿ ಕರಗವು. ಆದ್ದರಿಂದ ಡೆಂಡ್ರೈಟ್ ಎಂಬ ಕವಲೊಡೆದ ಹರಳುಗಳು ಬೆಳೆಯುತ್ತ ಹೋದಂತೆ ಅವನ್ನು ಕವಲುಗಳ ನಡುವಿನ ದ್ರವಕ್ಕೆ ನೂಕುತ್ತವೆ, ಕಡೆಗೆ ಗಟ್ಟಿಯಾಗುವ ಜಾಗದಲ್ಲಿ ಅವುಗಳ ಪ್ರಮಾಣ ಏರುತ್ತದೆ. ಈ ಮೂಲ ಪ್ರವೃತ್ತಿಯನ್ನು ಚಿಟಿಕೆ ಸೀರಿಯಂ ಅಳಿಸಲಾರದು.

ಅದರ ಪ್ರಭಾವ ಸ್ಪಷ್ಟವಾಗಿ ಕಾಣುವುದು ಗಂಧಕದ ಮೇಲೆ. ಸಾಮಾನ್ಯ ಉಕ್ಕಿನಲ್ಲಿ ಗಂಧಕವು ಕೊನೆಯವರೆಗೂ ದ್ರವದಲ್ಲೇ ಉಳಿದು, ಮ್ಯಾಂಗನೀಸ್ ಸಲ್ಫೈಡ್ ಆಗಿ ಹೊರಬಿದ್ದು, ರೋಲಿಂಗ್‌ನಲ್ಲಿ ಉದ್ದನೆಯ ಎಳೆಯಾಗಿ ಚಾಚಿಕೊಂಡು, ಹಾಳೆಯ ಅಡ್ಡ ದಿಕ್ಕಿನಲ್ಲಿ ಮುರಿಯದೆ ತಾಳುವ ಗುಣವನ್ನು ಕುಗ್ಗಿಸುತ್ತದೆ. ಸೀರಿಯಂ ಇದ್ದಾಗ ಅದೇ ಗಂಧಕ ಉಕ್ಕು ಇನ್ನೂ ದ್ರವವಾಗಿರುವಾಗಲೇ ಆಕ್ಸಿಸಲ್ಫೈಡ್ (ಸೀರಿಯಂ, ಆಮ್ಲಜನಕ, ಗಂಧಕ ಕೂಡಿದ ಸಂಯುಕ್ತ) ಕಣಗಳಲ್ಲಿ ಸೆರೆಯಾಗುತ್ತದೆ. ರೋಲರ್‌ಗಳ ಕೆಳಗೂ ಆ ಕಣಗಳು ಹೆಚ್ಚುಕಡಿಮೆ ಗುಂಡಗೇ ಉಳಿಯುತ್ತವೆ. ಇವುಗಳಲ್ಲಿ ಕೆಲವು ಹೊಸ ಹರಳುಗಳಿಗೆ ಬೀಜಗಳೂ ಆಗುವುದರಿಂದ ನಡುಭಾಗದಲ್ಲಿ ಎಲ್ಲ ದಿಕ್ಕಿಗೂ ಸಮನಾಗಿ ಬೆಳೆದ ಸಣ್ಣ ಸಮಾಕ್ಷ ಹರಳುಗಳು ಹೆಚ್ಚಿ, ಮಧ್ಯದ ಸೆಗ್ರಿಗೇಷನ್ ಚದುರುತ್ತದೆ.

ಅಚ್ಚಿಗೆ ಹೊಯ್ದ ಉಕ್ಕಿನ ದಿಮ್ಮಿಗಳಾದ ಭಾರೀ ಇಂಗಾಟ್‌ಗಳ ಕಥೆ ಬೇರೆ. ಅವುಗಳೊಳಗೆ ಕಾಣುವ ಓರೆ ಗೆರೆಗಳಂಥ ಚಾನೆಲ್ ಸೆಗ್ರಿಗೇಷನ್‌ಗೆ ಉಷ್ಣತೆ ಮತ್ತು ಸಂಯೋಜನೆಯ ವ್ಯತ್ಯಾಸದಿಂದ ಹುಟ್ಟುವ ಹರಿವೇ ಕಾರಣ ಎಂಬ ನಂಬಿಕೆ ಬಹುಕಾಲ ಇತ್ತು. ಅಲ್ಯುಮಿನಾ (ಅಲ್ಯುಮಿನಿಯಂ ಆಕ್ಸೈಡ್) ಆಧಾರಿತ ಕಲ್ಮಶ ಕಣಗಳು ಮೇಲಕ್ಕೆ ತೇಲುವಾಗ ಎಬ್ಬಿಸುವ ಹರಿವೂ ಈ ಚಾನೆಲ್‌ಗಳನ್ನು ಹುಟ್ಟುಹಾಕುತ್ತದೆ ಎಂದು ಚೀನಾದ ಶೆನ್ಯಾಂಗ್‌ನ ಲೋಹ ಸಂಶೋಧಕರು 2014ರಲ್ಲಿ ತೋರಿಸಿದರು. ದ್ರವ ಉಕ್ಕಿನ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 7 ಗ್ರಾಂ, ಅಲ್ಯುಮಿನಾದ್ದು ಸುಮಾರು 4, ಸೀರಿಯಂ ಆಕ್ಸಿಸಲ್ಫೈಡಿನದು ಸುಮಾರು 6. ಹಾಗಾಗಿ ಒಂದೇ ಗಾತ್ರದ ಕಣಗಳಲ್ಲಿ ಸೀರಿಯಂನದು ಬಹಳ ನಿಧಾನವಾಗಿ ತೇಲುತ್ತದೆ, ಅದು ಎಬ್ಬಿಸುವ ಹರಿವೂ ಅಷ್ಟೇ ಕಡಿಮೆ.

ಹೆಚ್ಚು ಬೆರೆಸಿದರೆ ಒಳಿತು ಎಂದುಕೊಳ್ಳಬಾರದು. ಸೀರಿಯಂ ಪರಮಾಣು ಕಬ್ಬಿಣದ್ದಕ್ಕಿಂತ ಬಹಳ ದೊಡ್ಡದಾದ್ದರಿಂದ ಮಿಕ್ಕಿದ್ದು ತಾನೇ ಡೆಂಡ್ರೈಟ್‌ಗಳ ನಡುವೆ ಸೇರಿಕೊಂಡು, ಬೇಗ ಕರಗುವ ಸಂಯುಕ್ತಗಳಾಗಿ ಬಿಸಿ ಬಿರುಕಿಗೆ ಎಡೆಮಾಡುತ್ತದೆ. ದ್ರವ ಉಕ್ಕು ಹರಿದುಬರುವ ಎರಕದ ನಾಜಲ್ ಕಟ್ಟಿಕೊಳ್ಳುವುದೂ ಉಂಟು. ಇನ್ನು ನೀವು ಓದಿದ ವರದಿಯಲ್ಲಿ ಬೆರೆಸುವ ಮೊದಲಿನ ಒಟ್ಟು ಆಮ್ಲಜನಕದ ಅಂಕಿ ಇದೆಯೇ ನೋಡಿ. ಆಮ್ಲಜನಕ ಇಳಿದರೆ ಅಲ್ಯುಮಿನಾ ಕಣಗಳೂ ಇಳಿಯುತ್ತವೆ; ಅದೊಂದರಿಂದಲೇ ಚಾನೆಲ್‌ಗಳು ಕಡಿಮೆಯಾಗುವುದರಿಂದ, ಆ ಅಂಕಿ ಇಲ್ಲದೆ ಶ್ರೇಯಸ್ಸನ್ನು ಸೀರಿಯಂಗೆ ಕೊಡಲಾಗದು.