ಮರಿಯಮ್ಮನವರು ಕಥೋಲಿಕರಿಗೆ ದೇವಿಯೇ?

ಪ್ರಶ್ನೆ: ನಾನು ಶಿರಸಿಯವಳು, ಕೆಲಸದ ನಿಮಿತ್ತ ಕಾರವಾರದಲ್ಲಿದ್ದೇನೆ. ಅಕ್ಟೋಬರ್ ತಿಂಗಳಿಡೀ ನೆರೆಮನೆಯ ಕ್ರೈಸ್ತರು ಸಂಜೆ ‘ಸಾಯ್ಬಿಣ್’ (ಮರಿಯಮ್ಮನವರ) ಪ್ರತಿಮೆಯ ಮುಂದೆ ಮೇಣದಬತ್ತಿ ಹಚ್ಚಿ ಜಪಸರ ಮಾಡುತ್ತಾರೆ. ನಮ್ಮೂರಿನ ಮಾರಿಕಾಂಬೆಯಂತೆ ಅವರಿಗೆ ಮರಿಯಮ್ಮನವರು ದೇವಿಯೇ? ದೇವರನ್ನೇ ಬೇಡಬಹುದಾಗಿರುವಾಗ ತಾಯಿಯ ಮೊರೆ ಏಕೆ?
– ಓದುಗರೊಬ್ಬರು, ಕಾರವಾರ

ಉತ್ತರ: ದೇವಿಯಲ್ಲ. ಶಿರಸಿಯ ಭಕ್ತರಿಗೆ ಮಾರಿಕಾಂಬೆ ಸಾಕ್ಷಾತ್ ಜಗನ್ಮಾತೆ. ಕಥೋಲಿಕರಿಗೆ ಮರಿಯಮ್ಮನವರು ಯೇಸುವಿನ ತಾಯಿ, ನಜರೇತಿನ ಹೆಣ್ಣುಮಗಳು, ದೇವರ ಸೃಷ್ಟಿ. ಆರಾಧನೆ ದೇವರಿಗೆ ಮಾತ್ರ ಸಲ್ಲತಕ್ಕದ್ದು, ಪ್ರತಿಮೆಗೆ ತೋರುವ ಗೌರವ ಅದು ಸೂಚಿಸುವ ವ್ಯಕ್ತಿಗೆ ಸೇರುತ್ತದೆ ಎಂದು 787ರಲ್ಲೇ ಕ್ರೈಸ್ತ ಧರ್ಮಾಧ್ಯಕ್ಷರು (ಬಿಷಪರು) ಸೇರಿದ್ದ ಎರಡನೆಯ ನೈಸೀಯ ಮಹಾಸಭೆ ಸ್ಪಷ್ಟಪಡಿಸಿತು. 431ರಲ್ಲಿ ಎಫೆಸದ ಮಹಾಸಭೆ ಅವರನ್ನು ‘ದೇವಮಾತೆ’ ಎಂದದ್ದು ಕೂಡ, ಅವರಲ್ಲಿ ಜನಿಸಿದ ಯೇಸು ನಿಜವಾಗಿಯೂ ದೇವರೆಂಬ ವಿಶ್ವಾಸವನ್ನು ಎತ್ತಿಹಿಡಿಯಲಿಕ್ಕೆ.

ಯೇಸುವಿನ ಬದುಕನ್ನು ಹೇಳುವ ಬೈಬಲಿನ ಶುಭಸಂದೇಶಗಳಲ್ಲಿ ಮರಿಯಮ್ಮನವರು ಆಡಿದ ಮಾತುಗಳು ಬಹಳ ಕಡಿಮೆ. ಯೇಸುವಿನ ತಾಯಿಯಾಗುವೆ ಎಂದ ದೇವದೂತನಿಗೆ ಅವರು ಕೊಟ್ಟ ಉತ್ತರ, ‘ನಾನು ಪ್ರಭುವಿನ ದಾಸಿ’ ಎಂಬುದು. ‘ಸ್ತ್ರೀಯರಲ್ಲಿ ನೀನು ಧನ್ಯಳು’ ಎಂದು ಬಂಧುವಾದ ಎಲಿಜಬೇತಳು ಹೊಗಳಿದಾಗ, ಆ ಹೊಗಳಿಕೆಯನ್ನು ತಮಗೆಂದು ಇಟ್ಟುಕೊಳ್ಳದೆ, ಬಲಿಷ್ಠರನ್ನು ಗದ್ದುಗೆಯಿಂದ ಇಳಿಸಿ ಹಸಿದವರಿಗೆ ಹೊಟ್ಟೆ ತುಂಬ ಉಣಿಸುವ ದೇವರನ್ನು ಕೊಂಡಾಡಿ ಹಾಡಿದರು. ಧರ್ಮಸಭೆಯ ಸಂಜೆಯ ಪ್ರಾರ್ಥನೆಯಲ್ಲಿ ಆ ಹಾಡು ಇಂದಿಗೂ ನಿತ್ಯ ಸಲ್ಲುತ್ತದೆ. ಕಾನಾ ಊರಿನ ಮದುವೆಮನೆಯಲ್ಲಿ ದ್ರಾಕ್ಷಾರಸ ಮುಗಿದಾಗ, ಮನೆಯವರ ಕೊರತೆಯನ್ನು ಮಗನ ಕಿವಿಗೆ ಹಾಕಿ, ಸೇವಕರಿಗೆ ‘ಆತ ಹೇಳಿದಂತೆ ಮಾಡಿ’ ಎಂದಷ್ಟೇ ಹೇಳಿದರು. ಶುಭಸಂದೇಶಗಳು ದಾಖಲಿಸಿರುವ ಅವರ ಕೊನೆಯ ಮಾತು ಅದು. ದೈವಭಕ್ತಿಗೆ ಇದಕ್ಕಿಂತ ನಿಚ್ಚಳವಾದ ಮಾದರಿಯನ್ನು ನಾನಂತೂ ಕಾಣೆ.

ದೇವರನ್ನು ನೇರವಾಗಿ ಬೇಡಲು ಯಾವ ಅಡ್ಡಿಯೂ ಇಲ್ಲ. ನಿಮ್ಮ ನೆರೆಯವರೂ ಬೇಡುತ್ತಾರೆ. ಅವರ ಜಪಸರಕ್ಕೆ ಒಮ್ಮೆ ಕಿವಿಗೊಟ್ಟು ನೋಡಿ. ಪ್ರತಿ ಹತ್ತು ಮಣಿಗಳ ಜಪ ‘ಸ್ವರ್ಗದಲ್ಲಿರುವ ನಮ್ಮ ತಂದೆಯೇ’ ಎಂದು ಆರಂಭವಾಗಿ ತ್ರಿಯೇಕ ದೇವರ ಸ್ತುತಿಯೊಂದಿಗೆ ಮುಗಿಯುತ್ತದೆ. ಬೆರಳು ಮಣಿಯಿಂದ ಮಣಿಗೆ ಸರಿಯುತ್ತಿರುವಾಗ ಮನಸ್ಸು ಯೇಸುವಿನ ಜನನ, ಯಾತನೆ, ಪುನರುತ್ಥಾನಗಳನ್ನು ಧ್ಯಾನಿಸಬೇಕು. ಮಣಿಮಣಿಗೂ ಹೇಳುವ ‘ನಮೋ ಮರಿಯಾ’ ಪ್ರಾರ್ಥನೆಯ ನಡುವೆಯೂ ಯೇಸುವಿನ ಹೆಸರಿದೆ, ಮತ್ತು ತಾಯಿಯಲ್ಲಿ ಕೇಳುವುದು ನಮಗಾಗಿ ಪ್ರಾರ್ಥಿಸಿರಿ ಎಂದಷ್ಟೇ. ಕಾಯಿಲೆ ಬಿದ್ದಾಗ ‘ನಮಗಾಗಿ ಪ್ರಾರ್ಥಿಸಿ’ ಎಂದು ಆಪ್ತರಲ್ಲಿ ಕೇಳಿಕೊಳ್ಳುವ ವಿಶ್ವಾಸಿ, ದೇವರ ಸನ್ನಿಧಿಯಲ್ಲಿರುವ ಈ ತಾಯಿಯಲ್ಲಿಯೂ ಅದನ್ನೇ ಕೇಳಿಕೊಳ್ಳುತ್ತಾನೆ. ದೇವರಿಗೂ ಮನುಷ್ಯರಿಗೂ ಕ್ರಿಸ್ತ ಒಬ್ಬನೇ ಮಧ್ಯಸ್ಥ, ಮರಿಯಮ್ಮನವರ ಪಾತ್ರ ಅದನ್ನು ಕಿಂಚಿತ್ತೂ ಕುಗ್ಗಿಸದು ಎಂದು ಎರಡನೆಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಬೋಧಿಸಿತು; ಬರಿಯ ಭಾವಾವೇಶವಾಗಲಿ ಪೊಳ್ಳು ನಂಬಿಕೆಯಾಗಲಿ ನಿಜವಾದ ಭಕ್ತಿಯಲ್ಲವೆಂದೂ ಎಚ್ಚರಿಸಿತು. ಹರಕೆ ತೀರಿಸಿ, ಮೇಣದಬತ್ತಿ ಹಚ್ಚಿ, ಶುಭಸಂದೇಶದತ್ತ ಮುಖವನ್ನೇ ತಿರುಗಿಸದವರ ಭಕ್ತಿಯನ್ನು ಮರಿಯಮ್ಮನವರೇ ಒಪ್ಪಲಾರರೆಂದು ನನಗನ್ನಿಸುತ್ತದೆ.

ಕಾರವಾರದ ಪ್ರಧಾನಾಲಯ (ಧರ್ಮಾಧ್ಯಕ್ಷರ ಪೀಠವಿರುವ ಚರ್ಚು) ಸ್ವರ್ಗಸ್ವೀಕೃತ ಮಾತೆಯಾದ ಮರಿಯಮ್ಮನವರ ಹೆಸರಿನಲ್ಲಿದೆ. ಆಗಸ್ಟ್ 15ರಂದು, ಅವರದೇ ಹಬ್ಬದ ದಿನ, ಅಲ್ಲಿ ಅರ್ಪಿಸುವ ಬಲಿಪೂಜೆ ಕ್ರಿಸ್ತನ ಮೂಲಕ ಪಿತನಾದ ದೇವರಿಗೇ ಹೊರತು ಮರಿಯಮ್ಮನವರಿಗಲ್ಲ.