ಆ ತಟ್ಟೆಯ ಕಥೆಯನ್ನು ನೀವೇ ಬರೆಯಿರಿ

ಮೈಕ್ರೊಬಯಾಲಜಿ ಲ್ಯಾಬ್‌ನಲ್ಲಿ 22 ವರ್ಷಗಳಿಂದ ಕೆಲಸ ಮಾಡುತ್ತಿರುವ ಓದುಗರೊಬ್ಬರ ಪತ್ರದಿಂದ:

“ನಮ್ಮ ಹತ್ತಿರದ ಸಂಬಂಧಿಕರೊಬ್ಬರು ನೆಗಡಿಯಾಯಿತೆಂದು ಮನೆಯಲ್ಲಿ ಉಳಿದಿದ್ದ ಆ್ಯಂಟಿಬಯೋಟಿಕ್ ಮಾತ್ರೆ ನುಂಗಿದರು. ಬೇಡ ಅಂದೆ. ‘ಹೋದ ಸಲವೂ ಇದರಲ್ಲೇ ವಾಸಿಯಾಯ್ತು. ಜಾಸ್ತಿ ತಗೊಂಡ್ರೆ ಮೈಗೆ ಒಗ್ಗಿಹೋಗುತ್ತೆ, ಅದಕ್ಕೇ ಎರಡೇ ದಿನ ತಗೊಳ್ತೀನಿ’ ಅಂದರು. ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ಔಷಧ ಪರೀಕ್ಷಿಸುವ ತಟ್ಟೆಯ ಫೋಟೊ ತೋರಿಸಿದೆ. ಒಂದು ಬಿಲ್ಲೆಯ ಸುತ್ತ ಉಂಗುರವೇ ಇರಲಿಲ್ಲ. ನೋಡಿದರು, ‘ಸರಿ ಬಿಡಿ’ ಅಂದು ಮೊಬೈಲ್ ವಾಪಸ್ ಕೊಟ್ಟರು. ಓದಿದವರೇ ಹೀಗಾದರೆ ಹೇಗೆ? ಹೇಳಿ ಹೇಳಿ ಸಾಕಾಗಿದೆ. ನೀವಾದರೂ ಪ್ರತಿ ಸಂಚಿಕೆಯಲ್ಲಿ ಒಂದು ಪುಟ ಕೊಡಿ. ಒಂದು ಕಡೆ ಹತ್ತು ತಪ್ಪು ಕಲ್ಪನೆ, ಇನ್ನೊಂದು ಕಡೆ ಹತ್ತು ಸರಿ ಉತ್ತರ. ಅಷ್ಟು ಸಾಕು.”

ಆತ್ಮೀಯರೇ,

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಆ ‘ಸರಿ ಬಿಡಿ’ ಎಷ್ಟು ನೋಯಿಸಿತೆಂದು ಅರ್ಥವಾಗುತ್ತದೆ. ಜಗಳಕ್ಕೆ ಬಂದಿದ್ದರೂ ವಾಸಿಯಿತ್ತು ಅಲ್ವಾ? ವಾದ ಮಾಡುವವರು ಕಿವಿಯನ್ನಾದರೂ ಕೊಟ್ಟಿರುತ್ತಾರೆ.

ನೀವು ಕೇಳಿದ ಪಟ್ಟಿಯನ್ನು ನಾವು ಹಾಕುವುದಿಲ್ಲ. ಒಂದೇ ಸಾಲಿನಲ್ಲಿ ಹೀಗೆ ಹೇಳಿ ಮುಗಿಸಿದರೆ ನಾನೂ ‘ಸರಿ ಬಿಡಿ’ ಅಂದ ಹಾಗಾಗುತ್ತದೆ. ಅದಕ್ಕೇ ಈ ಉದ್ದನೆಯ ಉತ್ತರ.

ನಿಮ್ಮ ಸಂಬಂಧಿಕರು ಒಬ್ಬರೇ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ 12 ದೇಶಗಳ ಸುಮಾರು 10,000 ಜನರನ್ನು ಇದೇ ವಿಷಯ ಕೇಳಿತ್ತು. ನೆಗಡಿ, ಫ್ಲೂಗೆ ಆ್ಯಂಟಿಬಯೋಟಿಕ್ ಕೆಲಸ ಮಾಡುತ್ತದೆ ಅಂದವರು ಶೇ. 64. ಔಷಧಕ್ಕೆ ಒಗ್ಗಿಕೊಳ್ಳುವುದು ನಮ್ಮ ಮೈ ಅಂದವರು ಶೇ. 76. ನಾಲ್ಕರಲ್ಲಿ ಮೂರು ಜನ! ಇಷ್ಟೊಂದು ದೇಶಗಳಲ್ಲಿ ಇಷ್ಟೊಂದು ಜನ ಒಂದೇ ತಪ್ಪನ್ನು ಮಾಡುತ್ತಿದ್ದಾರೆ ಅಂದರೆ ಅದನ್ನು ದಡ್ಡತನ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಎಲ್ಲರನ್ನೂ ಅದೇ ಕಡೆಗೆ ಎಳೆಯುವುದು ಏನೋ ಇರಬೇಕು.

ಅದೇನು ಅಂತ ನೋಡಲು ಸ್ವಲ್ಪ ಹೊತ್ತು ಅವರ ಜಾಗದಲ್ಲಿ ಕುಳಿತುಕೊಳ್ಳೋಣ. ನೆಗಡಿ ಶುರುವಾದ ಮೊದಲ ದಿನ ಯಾರೂ ಮಾತ್ರೆ ಹುಡುಕುವುದಿಲ್ಲ. ಎರಡನೇ ದಿನವೋ ಮೂರನೇ ದಿನವೋ ಮೂಗು ಕಟ್ಟಿ, ಗಂಟಲು ಉರಿದು, ರಾತ್ರಿ ನಿದ್ದೆ ಕೆಟ್ಟಾಗ ಡಬ್ಬಿ ತೆಗೆಯುತ್ತಾರೆ. ಅಂದರೆ ನೆಗಡಿ ತನ್ನ ಜೋರಿನ ತುದಿಯಲ್ಲಿರುವಾಗ. ಅಲ್ಲಿಂದಾಚೆ ಅದು ತಾನಾಗಿಯೇ ಇಳಿಯಬೇಕು. ಹೆಚ್ಚಿನವರಿಗೆ ಒಂದು ವಾರ, ಹತ್ತು ದಿನದೊಳಗೆ ಪೂರ್ತಿ ಹೋಗುತ್ತದೆ. ಅವರು ಕಂಡಿದ್ದು ಇಷ್ಟು: ಮಾತ್ರೆ ನುಂಗಿದೆ, ಮಾರನೇ ದಿನ ಉಸಿರಾಟ ಸಲೀಸಾಯಿತು. ಒಂದು ಸಲ ಅಲ್ಲ, ಪ್ರತಿ ಸಲವೂ. ಅವರ ಪಾಲಿಗೆ ಇದು ಸ್ವಂತ ಮೂಗಿನ ಸಾಕ್ಷಿ. ನೆಗಡಿ ಬರುವುದು ವೈರಸ್‌ನಿಂದ, ಆ್ಯಂಟಿಬಯೋಟಿಕ್ ಕೆಲಸ ಮಾಡುವುದು ಬ್ಯಾಕ್ಟೀರಿಯಾದ ಮೇಲೆ ಎಂದು ನೀವು ಹೇಳಿರುತ್ತೀರಿ. ಅದು ಸರಿ. ಆದರೆ ಹಾಗಾದರೆ ನಾನು ಗುಣವಾಗಿದ್ದು ಹೇಗೆ ಎಂಬ ಪ್ರಶ್ನೆ ಅವರಲ್ಲಿ ಹಾಗೇ ಉಳಿಯಿತು. ಅದಕ್ಕೆ ಉತ್ತರ ಸಿಗುವವರೆಗೆ ಹಳೆಯ ಉತ್ತರವನ್ನು ಅವರು ಬಿಡುವುದಿಲ್ಲ. ನಾನಾದರೂ ಬಿಡುತ್ತಿರಲಿಲ್ಲ.

ಇನ್ನು ಆ ‘ಮೈಗೆ ಒಗ್ಗಿಹೋಗುತ್ತೆ’ ಅನ್ನುವ ಮಾತು. ಇಲ್ಲಿ ನಾನು ನನ್ನ ಕಸುಬಿನ ತಪ್ಪನ್ನು ಒಪ್ಪಿಕೊಳ್ಳಬೇಕು. ನಿಮ್ಮ ಪತ್ರ ಬಂದ ದಿನ ಹಳೆಯ ಸಂಚಿಕೆಗಳನ್ನು ತೆಗೆಸಿ ನೋಡಿದೆ. ನಮ್ಮ ಆರೋಗ್ಯ ಪುಟಗಳಲ್ಲಿ ‘ರೋಗನಿರೋಧಕ ಶಕ್ತಿ’ ಎಂದು ಎಷ್ಟು ಸಲ ಬರೆದಿದ್ದೇವೋ ಲೆಕ್ಕವಿಲ್ಲ. ಅದು ಮೈಯಲ್ಲಿರುವ ಶಕ್ತಿ. ಅದೇ ಪುಟದಲ್ಲಿ, ಬೇರೆ ಲೇಖನದಲ್ಲಿ, ‘ಔಷಧ ನಿರೋಧಕ ಶಕ್ತಿ’ ಎಂದೂ ಬರೆದಿದ್ದೇವೆ. ಅದು ಬ್ಯಾಕ್ಟೀರಿಯಾಕ್ಕೆ ಬರುವ ಶಕ್ತಿ. ಎರಡರಲ್ಲೂ ‘ನಿರೋಧಕ ಶಕ್ತಿ’. ಹೀಗಿರುವಾಗ ಓದುಗರು ಎರಡನ್ನೂ ತಮ್ಮ ಮೈಯೊಳಗೇ ಇಟ್ಟುಕೊಂಡರೆ ಆಶ್ಚರ್ಯವೇನು? ಇನ್ನೊಂದು ಪದ ‘ರೋಗಾಣು’. ವೈರಸ್ಸಿಗೂ ಅದೇ, ಬ್ಯಾಕ್ಟೀರಿಯಾಕ್ಕೂ ಅದೇ. ಒಂದು ಲೇಖನದಲ್ಲಿ ‘ರೋಗಾಣುಗಳನ್ನು ಕೊಲ್ಲುವ ಆ್ಯಂಟಿಬಯೋಟಿಕ್’ ಎಂದು ಬರೆದು, ಇನ್ನೊಂದರಲ್ಲಿ ‘ನೆಗಡಿಯ ರೋಗಾಣು’ ಎಂದು ಬರೆದವರು ನಾವೇ. ಓದುಗರು ಸುಮ್ನೆ ಎರಡನ್ನೂ ಕೂಡಿಸಿದರು, ಅಷ್ಟೇ.

ಪದದಿಂದ ಹುಟ್ಟುವ ತಪ್ಪು ಆರೋಗ್ಯ ಪುಟದಲ್ಲಿ ಮಾತ್ರ ಇಲ್ಲ. ಬಾಹ್ಯಾಕಾಶ ನಿಲ್ದಾಣದ ಸುದ್ದಿ ಬಂದಾಗಲೆಲ್ಲ ‘ಶೂನ್ಯ ಗುರುತ್ವ’ ಎಂದು ಅಚ್ಚಾಗುತ್ತದೆ. ಭೌತಶಾಸ್ತ್ರದ ಮೇಷ್ಟ್ರು ಅದನ್ನು ಓದಿ ತಲೆ ಚಚ್ಚಿಕೊಳ್ಳುತ್ತಾರೆ. ನಿಲ್ದಾಣ ಇರುವುದು ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ. ಅಲ್ಲಿ ಭೂಮಿಯ ಸೆಳೆತ ನೆಲದ ಮೇಲಿರುವುದರ ಶೇ. 90ರ ಹತ್ತಿರ ಇರುತ್ತದೆ. ಗಗನಯಾತ್ರಿಗಳು ತೇಲುವುದು ಸೆಳೆತ ಇಲ್ಲದ್ದಕ್ಕಲ್ಲ. ಅವರೂ ನಿಲ್ದಾಣವೂ ಒಟ್ಟಿಗೆ, ಒಂದೇ ಸಮನೆ ಬೀಳುತ್ತಿರುವುದಕ್ಕೆ. ಪಕ್ಕಕ್ಕೆ ಓಡುವ ವೇಗವೂ ತುಂಬಾ ಹೆಚ್ಚಿರುವುದರಿಂದ ಬೀಳುತ್ತಲೇ ಭೂಮಿಯನ್ನು ಸುತ್ತುತ್ತಾರೆ. ಸೆಳೆತವೇ ಇಲ್ಲದಿದ್ದರೆ ನಿಲ್ದಾಣ ಸುತ್ತುತ್ತಿರಲಿಲ್ಲ, ನೆಟ್ಟಗೆ ಹೊರಟುಹೋಗುತ್ತಿತ್ತು. ಆದರೆ ‘ಶೂನ್ಯ’ ಎಂದು ದಪ್ಪಕ್ಷರದಲ್ಲಿ ಓದಿದವರು ಇದನ್ನೆಲ್ಲ ಊಹಿಸಬೇಕು ಅನ್ನುವುದು ನ್ಯಾಯವಲ್ಲ.

ಹವಾಮಾನ ತಜ್ಞರ ಗೋಳೂ ಇದೇ. ‘ನಾಳೆ ಮಳೆಯ ಸಾಧ್ಯತೆ ಶೇ. 30’ ಅನ್ನುತ್ತಾರೆ. ಯಾವುದರ 30? ಅದನ್ನು ಹೇಳುವುದಿಲ್ಲ. ಮನಶ್ಶಾಸ್ತ್ರಜ್ಞ ಗೆರ್ಡ್ ಗಿಗರೆಂಜರ್ ಮತ್ತು ಸಂಗಡಿಗರು ಆ್ಯಮ್‌ಸ್ಟರ್‌ಡ್ಯಾಮ್, ಅಥೆನ್ಸ್, ಬರ್ಲಿನ್, ಮಿಲಾನ್, ನ್ಯೂಯಾರ್ಕ್‌ಗಳಲ್ಲಿ ಇದರ ಅರ್ಥವೇನೆಂದು ಜನರನ್ನು ಕೇಳಿ 2005ರಲ್ಲಿ ಪ್ರಕಟಿಸಿದರು. ದಿನದ ಶೇ. 30ರಷ್ಟು ಹೊತ್ತು ಮಳೆ ಎಂದು ಕೆಲವರು ತಿಳಿದಿದ್ದರು, ಶೇ. 30ರಷ್ಟು ಜಾಗದಲ್ಲಿ ಮಳೆ ಎಂದು ಇನ್ನು ಕೆಲವರು. ಇಂಥ ಮುನ್ಸೂಚನೆ ಕೊಟ್ಟ ದಿನಗಳಲ್ಲಿ ನೂರಕ್ಕೆ ಮೂವತ್ತು ದಿನ ಮಳೆ ಬರುತ್ತದೆ ಎಂಬ ಸರಿಯಾದ ಅರ್ಥ ಹೆಚ್ಚಿನವರಿಗೆ ಗೊತ್ತಿದ್ದದ್ದು ನ್ಯೂಯಾರ್ಕ್‌ನಲ್ಲಿ ಮಾತ್ರ. ಹೇಳಿದವರು ಅರ್ಧ ವಾಕ್ಯ ಹೇಳಿದರು. ಉಳಿದರ್ಧವನ್ನು ಕೇಳಿದವರು ತಮಗೆ ತೋಚಿದ ಹಾಗೆ ತುಂಬಿಕೊಂಡರು.

ಇಲ್ಲಿ ನಿಮ್ಮಂಥವರಿಗೆ ಒಂದು ಮಾತು ಹೇಳಬೇಕು. ಬೇಸರ ಮಾಡಿಕೊಳ್ಳಬೇಡಿ. ವಿಷಯ ಚೆನ್ನಾಗಿ ಗೊತ್ತಿರುವವರಿಗೆ, ಅದು ಗೊತ್ತಿಲ್ಲದಿದ್ದಾಗ ಜಗತ್ತು ಹೇಗೆ ಕಾಣುತ್ತಿತ್ತು ಅನ್ನುವುದು ಮರೆತುಹೋಗಿರುತ್ತದೆ. 1990ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಎಲಿಜಬೆತ್ ನ್ಯೂಟನ್ ಎಂಬ ಸಂಶೋಧಕಿ ಒಂದು ಪ್ರಯೋಗ ಮಾಡಿದರು. ಒಬ್ಬರು ಎಲ್ಲರಿಗೂ ಗೊತ್ತಿರುವ ಹಾಡೊಂದರ ಲಯವನ್ನು ಬೆರಳಿನಿಂದ ಮೇಜಿನ ಮೇಲೆ ಕುಟ್ಟಬೇಕು. ಎದುರಿಗೆ ಕುಳಿತವರು ಅದು ಯಾವ ಹಾಡೆಂದು ಹೇಳಬೇಕು. ಅರ್ಧದಷ್ಟು ಸಲವಾದರೂ ಕಂಡುಹಿಡಿಯುತ್ತಾರೆ ಎಂದು ಕುಟ್ಟಿದವರ ಅಂದಾಜು. 120 ಹಾಡುಗಳಲ್ಲಿ ಕಂಡುಹಿಡಿದದ್ದು ಮೂರೇ ಮೂರು.

ನಾನು ಇದನ್ನು ಆಫೀಸಿನಲ್ಲಿ ಸಹೋದ್ಯೋಗಿಯ ಜೊತೆ ಮಾಡಿ ನೋಡಿದ್ದೇನೆ. ಕುಟ್ಟುತ್ತಿರುವಾಗ ನನ್ನ ತಲೆಯಲ್ಲಿ ಹಾಡು ಪೂರ್ತಿ ಓಡುತ್ತಿತ್ತು. ಪದ, ರಾಗ, ವಾದ್ಯ ಎಲ್ಲ. ಎದುರಿಗಿದ್ದವರಿಗೆ ಕೇಳಿದ್ದು ಬರೀ ಟಕ್ ಟಕ್. ಇಷ್ಟು ಸುಲಭದ್ದು ಗೊತ್ತಾಗಲಿಲ್ಲವಾ ಎಂದು ಒಂದು ಕ್ಷಣ ನನಗೆ ನಿಜವಾಗಿಯೂ ಸಿಟ್ಟು ಬಂತು. ಆ ಸಿಟ್ಟನ್ನು ನಿಮ್ಮ ಪತ್ರದಲ್ಲಿ ಮತ್ತೆ ಕಂಡೆ. ನೀವು ತೋರಿಸಿದ ಫೋಟೊದಲ್ಲಿ ನಿಮಗೆ 22 ವರ್ಷಗಳ ಹಾಡು ಕೇಳುತ್ತಿತ್ತು. ಅವರಿಗೆ ಕಂಡದ್ದು ಚುಕ್ಕೆಗಳಿದ್ದ ಒಂದು ತಟ್ಟೆ.

‘ಓದಿದವರೇ ಹೀಗಾದರೆ’ ಎಂದು ಕೇಳಿದ್ದೀರಿ. 1987ರ ಒಂದು ಸಾಕ್ಷ್ಯಚಿತ್ರದಲ್ಲಿ, ಹಾರ್ವರ್ಡ್ ವಿಶ್ವವಿದ್ಯಾಲಯದ ಪದವಿ ಸಮಾರಂಭದ ದಿನ, ಅಲ್ಲಿದ್ದ ವಿದ್ಯಾರ್ಥಿಗಳು, ಹಳೆ ವಿದ್ಯಾರ್ಥಿಗಳು, ಅಧ್ಯಾಪಕರನ್ನು ನಿಲ್ಲಿಸಿ ಋತುಗಳು ಯಾಕೆ ಬದಲಾಗುತ್ತವೆ, ಚಂದ್ರ ಯಾಕೆ ಬೆಳೆಯುತ್ತ, ಕ್ಷೀಣಿಸುತ್ತ ಕಾಣುತ್ತಾನೆ ಎಂದು ಕೇಳಿದ್ದರು. 23 ಜನರಲ್ಲಿ 21 ಮಂದಿಗೆ ಸರಿಯಾಗಿ ವಿವರಿಸಲು ಆಗಲಿಲ್ಲ. ಭೂಮಿ ಸೂರ್ಯನ ಹತ್ತಿರ ಬಂದಾಗ ಬೇಸಿಗೆ ಅನ್ನುವುದೇ ಋತುಗಳ ಬಗ್ಗೆ ಸಾಮಾನ್ಯವಾಗಿ ಬರುವ ಉತ್ತರ. ಬೆಂಕಿಯ ಹತ್ತಿರ ಹೋದರೆ ಬಿಸಿ ಜಾಸ್ತಿ. ಇದನ್ನು ಮಗು ನಡೆಯಲು ಕಲಿಯುವಾಗಲೇ ತಿಳಿದಿರುತ್ತದೆ. ಋತುಗಳಿಗೆ ನಿಜವಾದ ಕಾರಣವೆಂದು ಶಾಲೆಯಲ್ಲಿ ಹೇಳಿದ ‘ಅಕ್ಷದ ಓರೆ’ ಅನ್ನುವ ಎರಡು ಪದ ಆ ಅನುಭವದ ಮುಂದೆ ನಿಲ್ಲುವುದಿಲ್ಲ. ಮೇಷ್ಟ್ರು ಓರೆಯ ಬಗ್ಗೆ ಹೇಳುವ ಮೊದಲು ಈ ಅನುಭವವನ್ನೇ ಮುಟ್ಟಬೇಕು. ಭೂಮಿ ಸೂರ್ಯನಿಗೆ ತೀರಾ ಹತ್ತಿರ ಬರುವುದು ಜನವರಿ ಮೊದಲ ವಾರದ ಹೊತ್ತಿಗೆ, ತೀರಾ ದೂರ ಹೋಗುವುದು ಜುಲೈ ಮೊದಲ ವಾರದ ಹೊತ್ತಿಗೆ. ಜನವರಿಯಲ್ಲಿ ಉತ್ತರಾರ್ಧ ಗೋಳದಲ್ಲಿ ಚಳಿಗಾಲ, ದಕ್ಷಿಣಾರ್ಧದಲ್ಲಿ ಬೇಸಿಗೆ. ದೂರವೇ ಕಾರಣವಾಗಿದ್ದರೆ ಎರಡೂ ಕಡೆ ಒಟ್ಟಿಗೆ ಬೇಸಿಗೆ ಬರಬೇಕಿತ್ತು ಅಲ್ವಾ? ಇಷ್ಟು ಕೇಳಿದ ಮೇಲೆ ಕೂತವರು ಒಂದು ಕ್ಷಣ ಸುಮ್ಮನಾಗುತ್ತಾರೆ. ಓರೆಯ ಮಾತು ತೆಗೆಯಬೇಕಾದದ್ದು ಆಗ.

ಈಗ ನೀವು ಕೇಳಿದ ಪಟ್ಟಿಯ ವಿಷಯಕ್ಕೆ ಬರುತ್ತೇನೆ. ಅಂಥದ್ದನ್ನು ನಾವು ಒಮ್ಮೆ ಹಾಕಿದ್ದೆವು. ಎಡಗಡೆ ದಪ್ಪಕ್ಷರದಲ್ಲಿ ತಪ್ಪು ಕಲ್ಪನೆ, ಬಲಗಡೆ ಸಣ್ಣಕ್ಷರದಲ್ಲಿ ವಿವರಣೆ. ‘ನಾವು ಮೆದುಳಿನ ಹತ್ತನೇ ಒಂದು ಭಾಗ ಮಾತ್ರ ಬಳಸುತ್ತೇವೆ’ ಅನ್ನುವುದು ಅದರಲ್ಲಿ ಮೊದಲನೆಯದು. ಮೈತೂಕದ ಶೇ. 2ರಷ್ಟಿರುವ ಮೆದುಳು ಮೈಯ ಶಕ್ತಿಯ ಶೇ. 20ರಷ್ಟನ್ನು ತಿನ್ನುತ್ತದೆ, ಕೆಲಸವಿಲ್ಲದ ಅಂಗವನ್ನು ದೇಹ ಹೀಗೆ ಸಾಕುವುದಿಲ್ಲ, ಸ್ಕ್ಯಾನ್‌ಗಳಲ್ಲಿ ಎಲ್ಲ ಭಾಗಗಳೂ ಕೆಲಸ ಮಾಡುವುದು ಕಾಣುತ್ತದೆ ಎಂದು ಬಲಗಡೆ ಬರೆದಿದ್ದೆವು. ಕೆಲವು ತಿಂಗಳ ನಂತರ ಒಬ್ಬ ಓದುಗರು ಸಿಕ್ಕರು. ಪ್ರೀತಿಯಿಂದ ಮಾತಾಡಿಸಿದರು. ‘ಮೆದುಳಿನ ಹತ್ತನೇ ಒಂದು ಭಾಗ ಮಾತ್ರ ಬಳಸ್ತೀವಂತೆ, ನಿಮ್ಮ ಪತ್ರಿಕೆಯಲ್ಲೇ ಓದಿದೆ’ ಅಂದರು. ಆ ದಿನ ಮನೆಗೆ ಹೋಗುವವರೆಗೂ ನನಗೆ ಸಮಾಧಾನವಿರಲಿಲ್ಲ.

ಅವರ ತಪ್ಪು ಏನೂ ಇಲ್ಲ. ಒಂದು ಮಾತನ್ನು ಮತ್ತೆ ಮತ್ತೆ ಕೇಳಿದರೆ ಅದು ನಿಜ ಅನ್ನಿಸತೊಡಗುತ್ತದೆ ಎಂದು ಮನಶ್ಶಾಸ್ತ್ರಜ್ಞರು 1977ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದಾರೆ. ನಾವು ತಪ್ಪನ್ನೇ ದೊಡ್ಡದಾಗಿ ಅಚ್ಚು ಹಾಕಿ ಇನ್ನೊಂದು ಸಲ ಕೇಳಿಸಿದ್ದೆವು. ನೆನಪಿನಲ್ಲಿ ಉಳಿದದ್ದು ದಪ್ಪಕ್ಷರ.

ಪಟ್ಟಿಗೆ ಇನ್ನೊಂದು ತೊಂದರೆಯಿದೆ. ಬಲಗಡೆಯ ಸಾಲೂ ಹಳತಾಗುತ್ತದೆ. ‘ಆ್ಯಂಟಿಬಯೋಟಿಕ್ ಕೋರ್ಸ್ ಮಧ್ಯೆ ಬಿಟ್ಟರೆ ಬ್ಯಾಕ್ಟೀರಿಯಾಕ್ಕೆ ನಿರೋಧಕತೆ ಬರುತ್ತದೆ’ ಎಂದು ನಾವೂ ವರ್ಷಗಟ್ಟಲೆ ಬರೆದೆವು. ಅದಕ್ಕೆ ಗಟ್ಟಿ ಆಧಾರವಿಲ್ಲ, ಬೇಕಾದ್ದಕ್ಕಿಂತ ಜಾಸ್ತಿ ದಿನ ತೆಗೆದುಕೊಳ್ಳುವುದೇ ಅಪಾಯ ಎಂದು 2017ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ತಜ್ಞರೇ ವಾದ ಮುಂದಿಟ್ಟರು. ಎಷ್ಟು ದಿನ ಅನ್ನುವುದನ್ನು ವೈದ್ಯರು ಹೇಳಬೇಕು, ನಾವೇ ತೀರ್ಮಾನಿಸುವುದಲ್ಲ. ಅದರಲ್ಲಿ ಬದಲಾವಣೆ ಇಲ್ಲ. ಆದರೆ ಕಾರಣ ಗೊತ್ತಿದ್ದವರು ಇಂಥ ತಿದ್ದುಪಡಿಯನ್ನು ಅರ್ಥ ಮಾಡಿಕೊಳ್ಳುತ್ತಾರೆ. ಬರೀ ಸರಿ ಉತ್ತರ ಬಾಯಿಪಾಠ ಮಾಡಿದವರಿಗೆ ಮೋಸ ಹೋದ ಹಾಗೆ ಅನ್ನಿಸುತ್ತದೆ.

ಎಲ್ಲ ತಪ್ಪನ್ನೂ ಹೀಗೆ ಮೆತ್ತಗೆ ನೋಡಬೇಕು ಅನ್ನುತ್ತಿಲ್ಲ. 1998ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ 12 ಮಕ್ಕಳನ್ನಷ್ಟೇ ಇಟ್ಟುಕೊಂಡು ಬಂದ ಲೇಖನವೊಂದು ದಡಾರ, ಮಂಗನಬಾವು, ರುಬೆಲ್ಲಾ ತಡೆಯುವ ಎಂಎಂಆರ್ ಲಸಿಕೆಯನ್ನು ಆಟಿಸಂಗೆ ಗಂಟು ಹಾಕುವ ಭಯ ಹುಟ್ಟಿಸಿತು. 2010ರಲ್ಲಿ ಪತ್ರಿಕೆ ಆ ಲೇಖನವನ್ನು ಹಿಂತೆಗೆದುಕೊಂಡಿತು. ಡೆನ್ಮಾರ್ಕ್‌ನಲ್ಲಿ 6,57,461 ಮಕ್ಕಳನ್ನು ನೋಡಿದ ಅಧ್ಯಯನ 2019ರಲ್ಲಿ ಬಂತು, ಅಂಥ ಸಂಬಂಧ ಸಿಗಲಿಲ್ಲ. ಇದೆಲ್ಲ ಗೊತ್ತಿದ್ದೂ ಆ ಭಯವನ್ನು ಹರಡುವವರ ಮೇಲೆ ಸಿಟ್ಟು ಬರಲೇಬೇಕು. ಆದರೆ ಆ ಸಿಟ್ಟನ್ನು ಭಯಪಟ್ಟ ತಾಯಿಯ ಮೇಲೆ ತೋರಿಸಬಾರದು. ನಿಮ್ಮ ಸಂಬಂಧಿಕರ ಮೇಲೆ ಕೂಡ.

ಈಗ ಆ ತಟ್ಟೆ. ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದೇ. ರೋಗಿಯಿಂದ ತೆಗೆದ ಬ್ಯಾಕ್ಟೀರಿಯಾವನ್ನು ತಟ್ಟೆಯಲ್ಲಿರುವ ಅಗಾರ್ ಎಂಬ ಜೆಲ್ಲಿಯ ಮೇಲೆ ತೆಳ್ಳಗೆ ಹರಡುತ್ತೀರಿ. ಬೇರೆ ಬೇರೆ ಔಷಧ ಹೀರಿಕೊಂಡ ಪುಟ್ಟ ಕಾಗದದ ಬಿಲ್ಲೆಗಳನ್ನು ಇಡುತ್ತೀರಿ. 35 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬೆಚ್ಚನೆಯ ಪೆಟ್ಟಿಗೆಯಲ್ಲಿ ಒಂದು ರಾತ್ರಿ ಇಡುತ್ತೀರಿ. ಬೆಳಿಗ್ಗೆ ತಟ್ಟೆ ತುಂಬ ಮಂಜು ಮುಸುಕಿದ ಹಾಗೆ ಬ್ಯಾಕ್ಟೀರಿಯಾ. ಔಷಧ ಕೆಲಸ ಮಾಡಿದ ಬಿಲ್ಲೆಯ ಸುತ್ತ ಮಾತ್ರ ತಿಳಿಯಾದ ಉಂಗುರ. ಒಂದು ಬಿಲ್ಲೆಯ ಸುತ್ತ ಉಂಗುರವಿಲ್ಲ. ಆ ಮಂಜು ಬಿಲ್ಲೆಯ ಅಂಚನ್ನೇ ಮುಟ್ಟಿ ನಿಂತಿದೆ.

ಆ ತಟ್ಟೆಯಲ್ಲಿ ಮನುಷ್ಯನ ಮೈ ಎಲ್ಲಿದೆ? ಎಲ್ಲೂ ಇಲ್ಲ. ಹಾಗಾದರೆ ಔಷಧಕ್ಕೆ ಒಗ್ಗಿಕೊಂಡಿದ್ದು ಯಾರು? ಈ ಪ್ರಶ್ನೆಯನ್ನು ಅವರಿಗೆ ಕೇಳಿದ್ದಿರಾ? ನನಗಂತೂ ಈ ಉತ್ತರ ಬರೆಯಲು ಕೂತಾಗಲೇ ಹೊಳೆದದ್ದು. ಅಲ್ಲಿಂದ ಮುಂದಿನದನ್ನೂ ಹೇಳಬಹುದು. ಒಗ್ಗಿಕೊಂಡದ್ದು ಬ್ಯಾಕ್ಟೀರಿಯಾ ಆದ್ದರಿಂದ ಅದು ಒಬ್ಬರಿಂದ ಇನ್ನೊಬ್ಬರಿಗೆ ದಾಟಬಲ್ಲದು. ಒಂದು ಮಾತ್ರೆಯನ್ನೂ ನುಂಗದವರಿಗೂ ಅದು ಬರಬಹುದು. ‘ಎರಡೇ ದಿನ ತಗೊಳ್ತೀನಿ’ ಅನ್ನುವ ಎಚ್ಚರಿಕೆ ಅಲ್ಲಿ ಯಾಕೆ ಸಾಲದು ಎಂದು ಆಗ ಅವರಿಗೇ ಗೊತ್ತಾಗುತ್ತದೆ.

ಹಾಗಾಗಿ ನನ್ನ ಕೋರಿಕೆ ಇದು. ಪಟ್ಟಿಯ ಬದಲು ಆ ಪುಟವನ್ನು ನಿಮಗೇ ಕೊಡುತ್ತೇನೆ, ನೀವೇ ಬರೆಯಿರಿ. 800 ಪದ ಸಾಕು. ಸಂಬಂಧಿಕರ ನೆಗಡಿಯಿಂದಲೇ ಶುರು ಮಾಡಿ. ಬರೆಯುವ ಮೊದಲು ಅವರ ಹತ್ತಿರ ಕೂತು, ಮಾತ್ರೆ ನುಂಗಿದ್ದು ನೆಗಡಿಯ ಎಷ್ಟನೇ ದಿನ ಎಂದು ಕೇಳಿ. ಒಮ್ಮೆ ಮಾತ್ರೆಯಿಲ್ಲದೆ ಹೋದ ನೆಗಡಿ ನೆನಪಿದೆಯಾ ಎಂದೂ ಕೇಳಿ. ಅವರು ಹೇಳಿದ್ದನ್ನು ಹಾಗೇ ಬರೆಯಿರಿ, ಹೆಸರು ಬೇಡ. ಆಮೇಲೆ ತಟ್ಟೆಗೆ ಬನ್ನಿ. ‘ರೋಗಾಣು’ ಎಂಬ ಪದವನ್ನು ನೀವು ಬಳಸಬೇಡಿ, ನಮ್ಮ ಆರೋಗ್ಯ ಪುಟದವರಿಗೂ ಈ ತಿಂಗಳಿಂದಲೇ ಹೇಳಿದ್ದೇನೆ. ಬ್ಯಾಕ್ಟೀರಿಯಾ ಆದರೆ ಬ್ಯಾಕ್ಟೀರಿಯಾ, ವೈರಸ್ ಆದರೆ ವೈರಸ್.

ತಟ್ಟೆಯ ಫೋಟೊ ಬೇಕು. ಉಂಗುರ ಇರುವ ಬಿಲ್ಲೆ, ಇಲ್ಲದ ಬಿಲ್ಲೆ ಎರಡೂ ಒಟ್ಟಿಗೆ ಕಾಣಬೇಕು. ರೋಗಿಯ ಹೆಸರು, ನಂಬರು ಬರೆದ ಚೀಟಿ ಕಾಣದ ಹಾಗೆ ತೆಗೆಯಿರಿ. ಲ್ಯಾಬಿನ ಅನುಮತಿ ಕೇಳಿಕೊಳ್ಳಿ. ಫೋಟೊವನ್ನು ಅರ್ಧ ಪುಟದಷ್ಟು ದೊಡ್ಡದಾಗಿ ಹಾಕುತ್ತೇವೆ. ಅದರ ಕೆಳಗಿನ ಸಾಲನ್ನು ನೀವು ಬರೆದು ಕಳಿಸಿ, ನಾನು ಮುಟ್ಟುವುದಿಲ್ಲ.

ಕಾಯುತ್ತಿರುತ್ತೇನೆ.

ಸಂಪಾದಕ