ಡಿಸೆಂಬರ್‌ನಲ್ಲಿ ಹಾಯಿದೋಣಿ ರೇಸಿಗೆ ಕರೆದಿದ್ದಾರೆ, ಈಜು ಬರಲ್ಲ. ಹೋಗಲಾ?

ನಿಮ್ಮ ಪ್ರಶ್ನೆ ಇಷ್ಟು: ಕೆಲಸಕ್ಕೆಂದು ಸೌತಾಂಪ್ಟನ್‌ಗೆ ಬಂದು ಮೂರು ತಿಂಗಳಾಯಿತು, ಆಫೀಸಿನವರು ಶನಿವಾರ ಹಾಯಿದೋಣಿ ರೇಸಿಗೆ ಬಾ ಅಂತಿದ್ದಾರೆ, ದೋಣಿಯೂ ಗೊತ್ತಿಲ್ಲ, ಈಜೂ ಬರಲ್ಲ, ಮೇಲಾಗಿ ಈ ಚಳಿ. ಹೋಗುವುದಾ, ಏನಾದರೂ ನೆಪ ಹೇಳುವುದಾ?

ಹೋಗಿ. ಆದರೆ ಹತ್ತುವ ಮೊದಲು "ನನಗೆ ಏನು ಕೆಲಸ ಕೊಡ್ತೀರಿ?" ಅಂತ ಕೇಳಿಕೊಳ್ಳಿ. ಸುಮ್ನೆ ಕೂತವನಿಗೆ ಅಲ್ಲಿನ ಚಳಿ ಮೂಳೆವರೆಗೆ ಇಳಿಯುತ್ತದೆ. ಕೈಗೊಂದು ಹಗ್ಗ ಸಿಕ್ಕರೆ ಎರಡು ಗಂಟೆ ಹೋದದ್ದೇ ಗೊತ್ತಾಗುವುದಿಲ್ಲ.

ನಾನೂ ನಿಮ್ಮ ಹಾಗೇ ಬಂದವನು. ಊರು ದಾವಣಗೆರೆ. ಸಮುದ್ರ ಅಂದರೆ ಮುರುಡೇಶ್ವರದ ಟ್ರಿಪ್ಪಿನಲ್ಲಿ ಮೊಣಕಾಲವರೆಗೆ ಇಳಿದದ್ದು, ಅಷ್ಟೇ. ಈಗ ಐದು ಚಳಿಗಾಲದಿಂದ ಹ್ಯಾಂಬಲ್ ನದಿಯಲ್ಲಿ ನಿಲ್ಲುವ ಸ್ನೇಹಿತರೊಬ್ಬರ ಹಳೇ ದೋಣಿಯಲ್ಲಿ ಸೋಲೆಂಟ್‌ಗೆ ಹೋಗುತ್ತಿದ್ದೇನೆ. ಸೋಲೆಂಟ್ ಅಂದರೆ ಇಂಗ್ಲೆಂಡಿನ ದಡಕ್ಕೂ ಐಲ್ ಆಫ್ ವೈಟ್ ದ್ವೀಪಕ್ಕೂ ನಡುವೆ ಇರುವ ಸಮುದ್ರದ ಪಟ್ಟಿ. 1851ರಲ್ಲಿ 'ಅಮೆರಿಕ' ಎಂಬ ದೋಣಿ ಈ ದ್ವೀಪವನ್ನೇ ಸುತ್ತಿ ಗೆದ್ದ ಟ್ರೋಫಿಯೇ ಇವತ್ತಿನ ಅಮೆರಿಕಾಸ್ ಕಪ್. ನಮ್ಮದು ಅಂಥದ್ದೇನಲ್ಲ. ನಾಲ್ಕು ದೋಣಿ, ಸೋತವರು ಪಬ್‌ನಲ್ಲಿ ಎಲ್ಲರಿಗೂ ಚಿಪ್ಸ್ ಕೊಡಿಸಬೇಕು.

ನನ್ನ ಮೊದಲ ಹುದ್ದೆ ಮೂಟೆ. ತಮಾಷೆ ಅಲ್ಲ. ಗಾಳಿ ಹಾಯಿಯನ್ನು ತಳ್ಳಿದಾಗ ದೋಣಿ ಒಂದು ಕಡೆಗೆ ವಾಲುತ್ತದೆ. ಜಾಸ್ತಿ ವಾಲಿದರೆ ವೇಗ ಸಾಯುತ್ತದೆ. ಅದಕ್ಕೆ ಮೇಲೆದ್ದ ಬದಿಯ ಅಂಚಿನಲ್ಲಿ ಕಾಲು ಹೊರಗೆ ಇಳಿಬಿಟ್ಟು ಸಾಲಾಗಿ ಕೂರಬೇಕು. ಎತ್ತಿನಗಾಡಿಯಲ್ಲಿ ಭಾರ ಹಿಂದಕ್ಕೆ ಬಿದ್ದಾಗ ಒಬ್ಬ ಮೂಕಿ ಮೇಲೆ ಬಂದು ಕೂರುತ್ತಾನಲ್ಲ, ಅದೇ ಲೆಕ್ಕ. ದೋಣಿ ತಿರುಗಿತು ಅಂದರೆ ತಲೆ ತಗ್ಗಿಸಿ, ಬೂಮ್ ಕೆಳಗೆ ನುಸುಳಿ, ಆಚೆ ಬದಿಗೆ ಓಡಬೇಕು. ಬೂಮ್ ಅಂದರೆ ಹಾಯಿಯ ಬುಡದಲ್ಲಿ ಅಡ್ಡಕ್ಕಿರುವ ಕಂಬ. ತಲೆ ತಗ್ಗಿಸುವುದನ್ನು ಮಾತ್ರ ಮರೆಯಬೇಡಿ.

ಚಳಿಗಾಲದಲ್ಲಿ ಮೂಟೆಗೆ ಬೆಲೆ ಜಾಸ್ತಿ. ತಣ್ಣನೆ ಗಾಳಿಗೆ ತೂಕ ಹೆಚ್ಚು. 5 ಡಿಗ್ರಿಯ ಗಾಳಿ 30 ಡಿಗ್ರಿಯ ಗಾಳಿಗಿಂತ ಸುಮಾರು ಶೇ. 9ರಷ್ಟು ದಟ್ಟ. ಅದೇ ವೇಗದಲ್ಲಿ ಬೀಸಿದರೂ ಹಾಯಿಗೆ ಅಷ್ಟು ಜಾಸ್ತಿ ಏಟು. ಅದರ ಮೇಲೆ, ಬೇಸಿಗೆಯಲ್ಲಿ ಹಲ್ಲು ಕಿರಿದುಕೊಂಡು ಬರುವ ಅರ್ಧ ಜನ ಡಿಸೆಂಬರ್‌ನಲ್ಲಿ ಫೋನೇ ಎತ್ತುವುದಿಲ್ಲ. ನಿಮ್ಮನ್ನು ಕರೆದದ್ದು ಅದಕ್ಕೇ ಇರಬೇಕು. ಬೇಜಾರು ಮಾಡಿಕೊಳ್ಳಬೇಡಿ, ನನ್ನನ್ನೂ ಹಾಗೇ ಕರೆದದ್ದು.

ಈಜಿನ ವಿಷಯ. ಬರುವುದಿಲ್ಲ ಅಂತ ದೋಣಿಯ ಯಜಮಾನರಿಗೆ ಮೊದಲೇ ಹೇಳಿಬಿಡಿ. ಆದರೆ ನಿಜ ಏನಂದರೆ, ಆ ನೀರಿಗೆ ಬಿದ್ದರೆ ಈಜು ಬಲ್ಲವನಿಗೂ ಮೊದಲ ಒಂದೆರಡು ನಿಮಿಷ ಏನೂ ನಡೆಯುವುದಿಲ್ಲ. ತಣ್ಣೀರು ತಾಗಿದ ಕೂಡಲೇ ಉಸಿರು ತಾನಾಗಿಯೇ ಒಳಗೆ ಎಳೆದುಕೊಳ್ಳುತ್ತದೆ. ಆಗ ಬಾಯಿ ನೀರೊಳಗಿದ್ದರೆ ಮುಗೀತು. ಹತ್ತು ನಿಮಿಷ ಆಗುವಷ್ಟರಲ್ಲಿ ಕೈಬೆರಳು ಮಾತು ಕೇಳುವುದಿಲ್ಲ. ಅದಕ್ಕೇ ಲೈಫ್ ಜಾಕೆಟ್. ನೀರು ತಾಗಿದರೆ ತಾನೇ ಉಬ್ಬುವಂಥದ್ದು ಕೊಡುತ್ತಾರೆ. ತೊಡೆಯ ಸಂದಿಯಲ್ಲಿ ಹಾದುಬರುವ ಪಟ್ಟಿಯನ್ನು ಬಿಗಿಯಾಗಿ ಹಾಕಿಕೊಳ್ಳಿ. ಅದಿಲ್ಲದಿದ್ದರೆ ಜಾಕೆಟ್ ಮೇಲಕ್ಕೆ ಹೋಗುತ್ತದೆ, ನೀವು ಕೆಳಗೇ ಉಳಿಯುತ್ತೀರಿ. ಅಕಸ್ಮಾತ್ ಬಿದ್ದರೆ ಒದ್ದಾಡಬೇಡಿ, ಅಂಗಾತ ತೇಲಿ, ಮೊದಲು ಉಸಿರು ಹಿಡಿತಕ್ಕೆ ಬರಲಿ. "ಜಾಕೆಟ್ ಎಲ್ಲ ಯಾಕೆ, ಹತ್ತಿರದಲ್ಲೇ ಹೋಗೋದು" ಅನ್ನುವ ಯಜಮಾನ ಸಿಕ್ಕರೆ ಆ ದೋಣಿ ಹತ್ತಬೇಡಿ. ಆಗ ಬೇಕಾದರೆ ನೆಪ ಹೇಳಿ.

ಬಟ್ಟೆ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಜೀನ್ಸ್ ಬೇಡ, ಕಾಟನ್ ಬೇಡ, ಒದ್ದೆಯಾದರೆ ಒಣಗುವುದಿಲ್ಲ. ಉಣ್ಣೆ ಇರಲಿ. ಅಮ್ಮ ಸೂಟ್‌ಕೇಸಿಗೆ ತುರುಕಿದ ಮಂಕಿ ಕ್ಯಾಪ್ ಇದೆಯಲ್ಲ, ಅದಕ್ಕಿಂತ ಒಳ್ಳೆಯದು ಇಲ್ಲಿ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಆದರೆ ಕೈಗವಸಿನ ವಿಷಯ ಹೇಳಲೇಬೇಕು. ಮೊದಲ ದಿನ ಯಾರೋ ನನಗೆ ಬೆರಳ ತುದಿ ತೆರೆದಿರುವ ಗ್ಲೌಸ್ ಕೊಟ್ಟರು. ಮುಂದಿನ ಹಾಯಿಯ ಹಗ್ಗ ವಿಂಚ್ ಮೇಲೆ ಮೂರು ಸುತ್ತು ಸುತ್ತಿರುತ್ತದೆ. ವಿಂಚ್ ಅಂದರೆ ಡಬ್ಬದ ಹಾಗೆ ತಿರುಗುವ ರಾಟೆ. ಹಗ್ಗದಿಂದ ನೀರು ತೊಟ್ಟಿಕ್ಕುತ್ತಿತ್ತು. ಸ್ವಲ್ಪ ಸಡಿಲಿಸು ಅಂದರು. ಅಂಗೈಯನ್ನು ಸುತ್ತುಗಳ ಮೇಲೆ ಒತ್ತಿಟ್ಟು ಇಂಚಿಂಚೇ ಜಾರಿಸಬೇಕಿತ್ತು. ನಾನು ಹೆಬ್ಬೆರಳು ಸೇರಿಸಿ ಮುಷ್ಟಿ ಹಿಡಿದೆ. ಹಾಯಿ ಎಳೆಯಿತು, ಹಗ್ಗ ಜಾರಿತು, ಹೆಬ್ಬೆರಳು ಸುತ್ತಿನ ಕೆಳಗೆ ಹೋಯಿತು. ಪಕ್ಕದಲ್ಲಿದ್ದವಳು ತಕ್ಷಣ ಹಗ್ಗ ಬಿಡಿಸಿದಳು. ಮರಗಟ್ಟಿದ ಬೆರಳು, ಆಗ ನೋವೇ ಇರಲಿಲ್ಲ. ಉಗುರು ಕಪ್ಪಾದದ್ದು ಪಬ್ಬಿನಲ್ಲಿ ಕಂಡಿತು. ಈಗ ಪೂರ್ತಿ ಬೆರಳಿನ, ರಬ್ಬರ್ ಹಿಡಿತದ ಗ್ಲೌಸ್, ಎರಡು ಜೊತೆ ಇಟ್ಟುಕೊಳ್ಳುತ್ತೇನೆ.

ರೇಸ್ ಹೇಗೆ ಅಂದರೆ, ನಮ್ಮ ನಾಲ್ಕು ದೋಣಿಗಳ ವೇಗ ಒಂದೇ ಇಲ್ಲ. ಹಾಗಾಗಿ ನಿಧಾನದ ದೋಣಿ ಮೊದಲು ಹೊರಡುತ್ತದೆ, ಅದಕ್ಕಿಂತ ಚುರುಕಿನದು ಕೆಲವು ನಿಮಿಷ ಬಿಟ್ಟು, ಎಲ್ಲಕ್ಕಿಂತ ವೇಗದ್ದು ಕೊನೆಗೆ. ಲೆಕ್ಕ ಸರಿಯಾಗಿದ್ದರೆ ಎಲ್ಲರೂ ಒಟ್ಟಿಗೇ ಮುಟ್ಟಬೇಕು. ಲೆಕ್ಕ ಯಾವತ್ತೂ ಸರಿ ಇರುವುದಿಲ್ಲ, ಜಗಳಕ್ಕೆ ಅದೇ ಮೂಲ. ಎದುರುಬದುರು ಬಂದಾಗ, ಬಲಬದಿಯಿಂದ ಗಾಳಿ ತಗೊಳ್ಳುತ್ತಿರುವ ದೋಣಿಗೆ ಮೊದಲ ಹಕ್ಕು. ಅವರು "ಸ್ಟಾರ್‌ಬೋರ್ಡ್!" ಅಂತ ಕಿರುಚಿದರೆ ನೀವು ದಾರಿ ಬಿಡಬೇಕು. ದೊಡ್ಡ ಹಡಗು ಬಂದರೆ ಮಾತ್ರ ಯಾವ ಹಕ್ಕೂ ಇಲ್ಲ. 150 ಮೀಟರ್‌ಗಿಂತ ಉದ್ದದ ಹಡಗು ಇಲ್ಲಿನ ಕಿರಿದಾದ ದಾರಿಯಲ್ಲಿ ಬರುವಾಗ ಅದರ ಮುಂದೆ 1000 ಮೀಟರ್, ಅಕ್ಕಪಕ್ಕ 100 ಮೀಟರ್ ನಾವು ಕಾಲಿಡುವಂತಿಲ್ಲ.

ಹೋದ ಜನವರಿಯ ಕಥೆ ಕೇಳಿ. ಸೋಲೆಂಟ್ ನಡುವೆ ಬ್ರಾಂಬಲ್ ಬ್ಯಾಂಕ್ ಅಂತ ಒಂದು ಮರಳದಿಬ್ಬ ಇದೆ. ವರ್ಷಕ್ಕೊಮ್ಮೆ ನೀರು ತೀರಾ ಇಳಿದಾಗ ಎರಡು ಕ್ಲಬ್‌ನವರು ಅದರ ಮೇಲೆ ಕ್ರಿಕೆಟ್ ಆಡುತ್ತಾರೆ! ಕಾಲಡಿ ನೀರು, ನೀರಲ್ಲೇ ಫೀಲ್ಡಿಂಗ್. ಹೆಚ್ಚಿನ ಹೊತ್ತು ಅದು ನೀರೊಳಗೆ ಅಡಗಿರುತ್ತದೆ. 2015ರ ಜನವರಿಯಲ್ಲಿ ಹೋಗ್ ಒಸಾಕಾ ಎಂಬ ಕಾರು ಸಾಗಿಸುವ ಭಾರೀ ಹಡಗು ವಾಲಿಕೊಂಡು ಇದರ ಮೇಲೇ ಕೂತಿತ್ತು.

ಆ ದಿನ ನೀರಿನ ಸೆಳೆತ ನಮಗೆ ಎದುರು. ಆಳ ಕಡಿಮೆ ಇದ್ದಲ್ಲಿ ಸೆಳೆತವೂ ಕಡಿಮೆ. ಅದಕ್ಕೇ ರೇಸಿನವರು ದಿಬ್ಬದ ಅಂಚು ಸವರಿಕೊಂಡು ಹೋಗುತ್ತಾರೆ. ಮುಂದಿನ ದೋಣಿ ಇನ್ನೇನು ಸಿಕ್ಕಿತು, ಇನ್ನೊಂಚೂರು ಒಳಗೆ ಹೋಗೋಣ ಅಂತ ಯಜಮಾನರು ಚುಕ್ಕಾಣಿ ತಿರುಗಿಸಿದರು. ಮೆತ್ತಗೆ, ರಾಗಿಮುದ್ದೆಯೊಳಗೆ ಬೆರಳು ಒತ್ತಿದ ಹಾಗೆ, ದೋಣಿ ನಿಂತುಬಿಟ್ಟಿತು. ನೀರು ಇಳಿಯುತ್ತಿತ್ತು. ಐದು ನಿಮಿಷ ತಡವಾದರೆ ರಾತ್ರಿವರೆಗೂ ಅಲ್ಲೇ. ಸೂರ್ಯ ನಾಲ್ಕು ಗಂಟೆ ದಾಟುತ್ತಿದ್ದಂತೆ ಮುಳುಗುವ ಕಾಲ ಬೇರೆ.

"ಎಲ್ಲಾ ಆ ಕಡೆ!" ಅಂತ ಕೂಗು. ಆರು ಜನ ಮೂಟೆಗಳು ಕೆಳಗಿನ ಬದಿಗೆ ನುಗ್ಗಿದೆವು. ಇಬ್ಬರು ಬೂಮ್ ಹಿಡಿದು ಹೊರಗೆ ಜೋತುಬಿದ್ದರು. ದೋಣಿ ಚೆನ್ನಾಗಿ ವಾಲಿದರೆ ಅದರ ಅಡಿಯಲ್ಲಿ ನೀರೊಳಗೆ ಇಳಿದಿರುವ ಕೀಲ್ ಎಂಬ ರೆಕ್ಕೆ ಓರೆಯಾಗಿ ಮೇಲಕ್ಕೆ ಬರುತ್ತದೆ, ಕಡಿಮೆ ಆಳವೂ ಸಾಕಾಗುತ್ತದೆ. ಒಂದು ಸಲ ಉಜ್ಜಿತು. ಇನ್ನೊಂದು ಸಲ ಉಜ್ಜಿತು. ಆಮೇಲೆ ತೇಲಿತು. ಯಾರೂ ಎರಡು ನಿಮಿಷ ಮಾತಾಡಲಿಲ್ಲ. ಫ್ಲಾಸ್ಕಿನಲ್ಲಿ ನಾನು ತಂದಿದ್ದ ಮೆಣಸಿನ ಸಾರು ಆರು ಲೋಟಕ್ಕೆ ಹಂಚಿ ಖಾಲಿಯಾಯಿತು. ಚಿಪ್ಸ್ ದುಡ್ಡು ನಾವೇ ಕೊಟ್ಟೆವು.

ದುಡ್ಡು ಅಂದ ಮೇಲೆ, ಸಾಮಾನ್ಯವಾಗಿ ನಿಮ್ಮ ಹತ್ತಿರ ಏನೂ ಕೇಳುವುದಿಲ್ಲ. ತಿನ್ನೋಕೆ ಏನಾದರೂ ಒಯ್ದರೆ ಸಾಕು. ವಾಂತಿ ಬರುವವರಾದರೆ ಮಾತ್ರೆಯನ್ನು ಹೊರಡುವ ಒಂದು ಗಂಟೆ ಮೊದಲೇ ತಗೊಳ್ಳಿ, ಕ್ಯಾಬಿನ್ ಒಳಗೆ ಇಳಿಯಬೇಡಿ, ದೂರದ ದಡ ನೋಡುತ್ತಿರಿ. ಶನಿವಾರ ಗಾಳಿ ತೀರಾ ಜೋರಿದ್ದರೆ ಅವರೇ ರದ್ದು ಮಾಡುತ್ತಾರೆ. ಹೋಗಿ ಬಂದ ಮೇಲೆ ಇಲ್ಲೇ ಬರೆಯಿರಿ, ಎಷ್ಟನೇ ಸ್ಥಾನ ಅಂತಲ್ಲ, ಯಾವ ಹಗ್ಗ ಕೊಟ್ಟರು ಅಂತ.